ಹಗ್ಗಕ್ಕೆ ಕೈ ಇಟ್ಟವರ ಪಾಲು

ನಮ್ಮ ಮನೆಯಲ್ಲಿ ಕೆಲವು ಮೀನುಗಳಿಗೆ ಯಾವ ಪುಸ್ತಕದಲ್ಲೂ ಸಿಗದ ಹೆಸರುಗಳಿವೆ. ಸ್ತ್ರೀವೇಷ, ಕಂಡಕ್ಟರ್, ದೊಡ್ಡತ್ತೆ, ಮುನಿಸಿಕೊಂಡವ. ಇವುಗಳಲ್ಲಿ ಒಂದನ್ನೂ ಅಪ್ಪ ಕಾಪುವಿನ ಕಡಲಲ್ಲಿ ಕಂಡವರಲ್ಲ. ಎಲ್ಲವೂ ಮಸ್ಕತ್ತಿನವು. ಎಂಬತ್ತರ ದಶಕದ ಆರಂಭದಲ್ಲಿ ಒಂದು ದಸರಾ ರಜೆಗೆ ನಾನು ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಾಗ, ಅವರೇ ಗಾಳ ಹಾಕಿ ಹಿಡಿದು, ಮುಖ ನೋಡಿ, ನಾಮಕರಣ ಮಾಡಿದ ಮೀನುಗಳು. ಹೊರದೇಶಕ್ಕೆ ಹೋದವರು ಸೆಂಟು, ಟೇಪ್ ರೆಕಾರ್ಡರು ತರುತ್ತಿದ್ದ ಕಾಲ ಅದು. ನಾವು ಹೆಸರುಗಳನ್ನು ತಂದೆವು. ನೆರೆಮನೆಯವರಿಗೆ ಇದರಿಂದ ಬಹಳ ನಿರಾಸೆಯಾಯಿತು.

ಅಪ್ಪ ರಂಪಣಿಯ ಮನುಷ್ಯ. ರಂಪಣಿ ಎಂದರೆ ಏನೆಂದು ಈಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಅದು ಒಂದೇ ಬಲೆ, ಆದರೆ ಒಬ್ಬರ ಸೊತ್ತಲ್ಲ. ದಂಡೆಯ ಒಂದೊಂದು ಮನೆಯದು ಒಂದೊಂದು ತುಂಡು. ಎಲ್ಲ ತುಂಡುಗಳನ್ನು ಸೇರಿಸಿ ಕಟ್ಟಿದರೆ ಬಲೆ. ದೋಣಿಯಲ್ಲಿ ಒಯ್ದು ಮೀನಿನ ಗುಂಪಿನ ಸುತ್ತ ಬಿಡುತ್ತಿದ್ದರು. ಎರಡು ಕೊನೆಯ ಹಗ್ಗಗಳನ್ನು ದಡಕ್ಕೆ ತಂದ ಮೇಲೆ ಊರಿಗೆ ಊರೇ ನಿಂತು ಎಳೆಯಬೇಕು. ಎಳೆಯಲು ಯಾರು ಬೇಕಾದರೂ ಬರಬಹುದಿತ್ತು. ಇನ್ನಂಜೆಯ ಗದ್ದೆ ಕೆಲಸದವರು ಬರುತ್ತಿದ್ದರು, ಉಡುಪಿ ಬಸ್ಸು ತಪ್ಪಿದವರು ಬರುತ್ತಿದ್ದರು, ಸುಮ್ಮನೆ ಗಾಳಿಗೆ ಬಂದವರೂ ಪಂಚೆ ಎತ್ತಿ ಕಟ್ಟಿ ಸಾಲಿಗೆ ಸೇರುತ್ತಿದ್ದರು. ಹಗ್ಗಕ್ಕೆ ಕೈ ಇಟ್ಟವರಿಗೆ ಪಾಲು ಉಂಟು ಎನ್ನುವುದು ದಂಡೆಯ ಕ್ರಮ. ಬಲೆಯವರ ಪಾಲು ಬೇರೆ, ದೋಣಿಯವರ ಪಾಲು ಬೇರೆ. ಕೈ ಇಟ್ಟವರ ಪಾಲನ್ನು ಹಂಚುವ ಕೆಲಸ ಅಪ್ಪನದಾಗಿತ್ತು.

ಆ ಹಂಚುವುದನ್ನು ನೋಡಬೇಕಿತ್ತು. ಅಪ್ಪ ಬೂತಾಯಿ ಮೀನಿನ ರಾಶಿಯ ಪಕ್ಕದಲ್ಲಿ ನಿಲ್ಲುವರು. ಜನ ಒಬ್ಬೊಬ್ಬರಾಗಿ ಬಂದು ಅಂಗೈ ಚಾಚುವರು. ಹಗ್ಗ ಎಳೆದ ಅಂಗೈ ಕೆಂಪಾಗಿ, ಹುರಿಯ ಅಚ್ಚು ಬಿದ್ದು, ಮರಳು ಮೆತ್ತಿಕೊಂಡಿರುತ್ತದೆ. ಅಪ್ಪ ಅದರ ಮೇಲೆ ಹೆಬ್ಬೆರಳು ಒತ್ತಿ ನೋಡಿ, ಅಚ್ಚು ಉಂಟಾದರೆ ಮೀನು ಕೊಡುವರು. ಇಲ್ಲದಿದ್ದರೆ ಇಲ್ಲ. ದೊಡ್ಡ ಮನುಷ್ಯರೊಬ್ಬರು ಒಮ್ಮೆ ನುಣುಪಾದ ಕೈ ಚಾಚಿದಾಗ, "ನಾಳೆ ಸ್ವಲ್ಪ ಬೇಗ ಬನ್ನಿ ಧನಿಗಳೇ" ಎಂದು ಕಳಿಸಿದ್ದರು. ಸಣ್ಣವಳಿದ್ದಾಗ ನಾನು ಬಲೆ ದಡಕ್ಕೆ ಬರುವ ಹೊತ್ತಿಗೆ ಓಡಿ ಹೋಗಿ ಹಗ್ಗ ಹಿಡಿದು, ಅಚ್ಚು ಬೀಳಲೆಂದು ಅಂಗೈಯನ್ನು ಗಸಗಸ ಉಜ್ಜಿಕೊಳ್ಳುತ್ತಿದ್ದೆ. ಅಪ್ಪನಿಗೆ ಅದು ಗೊತ್ತಾಗದೆ ಇರುತ್ತದೆಯೇ? ಆದರೂ ಗಂಭೀರವಾಗಿ ಹೆಬ್ಬೆರಳು ಒತ್ತಿ ನೋಡಿ ಎರಡು ಬೂತಾಯಿ ಕೊಡುತ್ತಿದ್ದರು. ಆ ಎರಡು ಬೂತಾಯಿಯನ್ನು ಬಾಲ ಹಿಡಿದು ಮನೆಗೆ ಒಯ್ಯುವಾಗಿನ ನನ್ನ ಠೀವಿ, ಮುಂದೆ ಬೆಳ್ಮಣ್ಣಿನ ಶಾಲೆಯಲ್ಲಿ ಟೀಚರಾದ ದಿನವೂ ಬರಲಿಲ್ಲ.

ಅಮ್ಮ ಮೀನು ಮಾರುತ್ತಿದ್ದಳು. ತಲೆಯ ಮೇಲೆ ಬಟ್ಟೆಯ ಸಿಂಬೆ, ಸಿಂಬೆಯ ಮೇಲೆ ಬುಟ್ಟಿ. ಬೆಳಗಿನ ಬಸ್ಸು ಹಿಡಿದು ಬೆಳ್ಮಣ್, ಕಾರ್ಕಳದ ಕಡೆಗೆ ಹೋದರೆ ಮಧ್ಯಾಹ್ನ ಕಳೆದು ವಾಪಸು. ನೀರು ಸೋರುವ ಬುಟ್ಟಿ ನೋಡಿ ಬಸ್ಸಿನವರು ಮುಖ ಸಿಂಡರಿಸಿದರೆ ಅವಳು ಇನ್ನೂ ಜೋರಾಗಿ ಮಾತಾಡುವಳು. ಬುಟ್ಟಿ ಕೂತೂ ಕೂತೂ ಅವಳ ನೆತ್ತಿಯಲ್ಲಿ ಕೂದಲು ಹೋಗಿ ಬೋಳಾಗಿತ್ತು. ಅದು ಕಾಣದ ಹಾಗೆ ಕೂದಲನ್ನು ಎಳೆದು ಕಟ್ಟುತ್ತಿದ್ದಳು. ಮದುವೆಮನೆಗೆ ಹೋಗುವಾಗ ಮಲ್ಲಿಗೆಯ ಚೆಂಡನ್ನು ಸರಿಯಾಗಿ ಅದರ ಮೇಲೆಯೇ ಮುಡಿಯುವಳು. ಆ ಜಾಗವನ್ನು ಯಾರೂ ಮುಟ್ಟಕೂಡದು, ಎಣ್ಣೆ ಹಚ್ಚಲು ನನಗೂ ಬಿಡುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಇಂಜಿನಿನ ದೊಡ್ಡ ಪರ್ಸೀನ್ ಬೋಟುಗಳು ಬಂದವು. ಮೀನಿನ ಗುಂಪು ದಡದ ಹತ್ತಿರ ಬರುವ ಮೊದಲೇ ಅವು ನಡುಕಡಲಲ್ಲಿ ಸುತ್ತುವರಿದು ಎತ್ತಿಕೊಳ್ಳುತ್ತಿದ್ದವು. ರಂಪಣಿ ಬೀಸಿದರೆ ಕಸ ಬರತೊಡಗಿತು. ಒಂದು ವರ್ಷ ನೋಡಿದರು, ಮತ್ತೊಂದು ವರ್ಷ ನೋಡಿದರು. ಆಮೇಲೆ ದಂಡೆಯವರೆಲ್ಲ ಕೂತು ಬಲೆಯನ್ನು ಬಿಚ್ಚಿ ಅವರವರ ತುಂಡನ್ನು ಅವರವರ ಮನೆಗೆ ಒಯ್ದರು. ನಮ್ಮ ತುಂಡು ಸ್ವಲ್ಪ ಕಾಲ ಅಟ್ಟದಲ್ಲಿ ಇತ್ತು, ಆಮೇಲೆ ಅಮ್ಮ ಅದನ್ನು ಸೌತೆಬಳ್ಳಿ ಹಬ್ಬಲು ಕಟ್ಟಿದಳು. ಬುಟ್ಟಿ ಹೊರುವುದನ್ನು ಮಾತ್ರ ಅವಳು ಬಿಡಲಿಲ್ಲ, ಬೋಟಿನ ಮೀನು ಕೊಂಡು ಮಾರತೊಡಗಿದಳು.

ಅಪ್ಪ ಕಡಲ ಕಡೆಯ ಜಗಲಿಯಲ್ಲಿ ಕೂತುಕೊಳ್ಳುವುದನ್ನು ಬಿಟ್ಟು ರಸ್ತೆಯ ಕಡೆ ಕೂರತೊಡಗಿದರು. ಮಾತು ಕಡಿಮೆಯಾಯಿತು. ಕೊನೆಗೆ ಮೀನು ತಿನ್ನುವುದನ್ನೇ ಬಿಟ್ಟರು. ಜ್ವರವಿಲ್ಲ, ಹರಕೆಯಿಲ್ಲ, ಸುಮ್ಮನೆ ಬಟ್ಟಲನ್ನು ಪಕ್ಕಕ್ಕೆ ಸರಿಸುವುದು. ಹೊಟ್ಟೆಯ ಕಾಯಿಲೆಯಿರಬಹುದೆಂದು ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಒತ್ತಿ, ತಟ್ಟಿ, ಎಲ್ಲ ನೋಡಿ, "ಇವರಿಗೆ ಎಂತದೂ ಇಲ್ಲ" ಎಂದರು. ಅಮ್ಮನಿಗೆ ಅದೇ ದೊಡ್ಡ ಹೆದರಿಕೆಯಾಯಿತು. ಕಾಯಿಲೆಯಾದರೆ ಮದ್ದುಂಟು, ಎಂತದೂ ಇಲ್ಲದ್ದಕ್ಕೆ ಮದ್ದೆಲ್ಲಿಂದ ತರುವುದು? ಕಡಲ ಬದಿಯ ಗಂಡಸು ಮೀನು ಬಿಟ್ಟನೆಂದರೆ ಆಸೆ ಬಿಟ್ಟ ಹಾಗೆ ಎಂದು ಅವಳ ಲೆಕ್ಕ. ಗಂಜಿಗೆ ಉಪ್ಪಿನಕಾಯಿ ನೆಂಚಿಕೊಳ್ಳುವ ಗಂಡನನ್ನು ನೋಡಿ ಒಳಗೆ ಹೋಗಿ ಅಳುತ್ತಿದ್ದಳು.

ಅಣ್ಣ ಮಸ್ಕತ್ತಿನಲ್ಲಿ ಏರ್ ಕಂಡಿಶನ್ ರಿಪೇರಿಯ ಕೆಲಸದಲ್ಲಿದ್ದ. ಜಾಗ ಬದಲಾದರೆ ಮನಸ್ಸೂ ಬದಲಾದೀತು ಎಂದು ಅವನಿಂದ ವೀಸಾ ಮಾಡಿಸಿದೆವು. ಅಪ್ಪನಿಗೆ ತುಳು ಬಿಟ್ಟರೆ ಬೇರೆ ಮಾತು ಬಾರದ್ದರಿಂದ ಜೊತೆಗೆ ನಾನು. ಬೊಂಬಾಯಿ ಬಸ್ಸು ಹತ್ತುವಾಗ ಅಮ್ಮ ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ: "ಅಲ್ಲಿ ಎಂತ ತೋರಿಸ್ತೀಯೋ ನಂಗೆ ಬೇಡ. ಒಂದು ತುಂಡು ಮೀನು ತಿನ್ನಿಸಿ ಕರ್ಕೊಂಡು ಬಾ."

ವಿಮಾನದಲ್ಲಿ ಊಟ ಬಂದಾಗ ಅಪ್ಪ ನನ್ನಿಂದ ಸಸ್ಯಾಹಾರಿ ಕೇಳಿಸಿದರು, ಮಠದ ಪಂಕ್ತಿಯಲ್ಲೇ ಹುಟ್ಟಿ ಬೆಳೆದವರ ಹಾಗೆ. ನನಗೆ ಸಿಟ್ಟು ಬಂತು. ಆದರೆ ಕಿಟಕಿಯಿಂದ ಕೆಳಗೆ ನೋಡುತ್ತಾ, "ಇಷ್ಟು ಕಡಲು ಉಂಟು ಮಗಾ, ಒಂದು ದೋಣಿ ಕಾಣುದಿಲ್ಲ" ಎಂದರು. ಎಷ್ಟೋ ದಿನಗಳ ನಂತರ ಅವರಾಗಿಯೇ ಆಡಿದ ಮಾತಾದ್ದರಿಂದ ಸಿಟ್ಟನ್ನು ನುಂಗಿಕೊಂಡೆ.

ಅಣ್ಣ ಮೊದಲು ಅಂಗಡಿಗಳನ್ನು ತೋರಿಸಿದ. ಅಪ್ಪ ಒಂದು ಅಂಗಡಿಯ ಬಾಗಿಲಲ್ಲಿ ಕೂತರು, ಇನ್ನೊಂದರ ಬಾಗಿಲಲ್ಲೂ ಕೂತರು. ಕೊನೆಗೆ ಅಣ್ಣನ ಜೊತೆ ಕೆಲಸ ಮಾಡುವವನೊಬ್ಬ ಗಾಳದ ನೂಲು ಕೊಟ್ಟು, ಬಂಡೆಗಳಿರುವ ಒಂದು ಜಾಗ ಹೇಳಿದ. ಗಾಳ ಅಪ್ಪನ ಕಸುಬಲ್ಲ, ನಮ್ಮಲ್ಲಿ ಅದು ಮಕ್ಕಳ ಆಟ. ಆದರೂ ಹೋದರು. ನೀರು ಅಲ್ಲಿ ಬಾವಿಯ ನೀರಿನಷ್ಟು ತಿಳಿ. ಮೀನು ಬಂದು ಕಚ್ಚುವುದು ಮೇಲಿನಿಂದಲೇ ಕಾಣುತ್ತಿತ್ತು. "ಇದೆಂತ ಇದು, ನಾಚಿಕೆಯಿಲ್ಲದ ಕಡಲು" ಎಂದು ಬೈದು ನೂಲು ಬಿಟ್ಟರು.

ಮೊದಲು ಬಂದದ್ದು ಬೆಳ್ಳಿಬಣ್ಣದ, ಮೈಮೇಲೆ ನೀಲಿ ಚುಕ್ಕೆಗಳ ಮೀನು. ದಪ್ಪ ತುಟಿ, ಉದ್ದ ಮುಖ. ಅಲ್ಲಿಯವರು ಅದಕ್ಕೆ ಶೇರಿ ಎನ್ನುತ್ತಾರೆ ಎಂದ ಅಣ್ಣ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇವನನ್ನು ಮದುವೆಗೆ ಯಾರೋ ಸರಿಯಾಗಿ ಕರೀಲಿಲ್ಲ" ಎಂದರು. ಅದು ಮುನಿಸಿಕೊಂಡವ ಆಯಿತು. ಹಳದಿ ಮೈಗೆ ಕಪ್ಪು ಪಟ್ಟೆಯದು, ಗುಂಪಿನಲ್ಲಿ ನುಗ್ಗಿ ನುಗ್ಗಿ ಬಂದು ಬೇರೆ ಮೀನಿನ ಎರೆ ಕಸಿಯುವಂಥದು, ಸಂತೆಕಟ್ಟೆಯಲ್ಲಿ ಭರ್ತಿಯಾದ ಬಸ್ಸಿನೊಳಗೆ ನುಸುಳುವ ಕಂಡಕ್ಟರ್. ಹಸಿರು, ನೀಲಿ, ಗುಲಾಬಿ ಬಳಿದುಕೊಂಡು ತುಟಿಗೆ ಬಣ್ಣ ಹಚ್ಚಿದಂತಿದ್ದ ಗಿಳಿಮೂತಿಯ ಮೀನು ಬಂದಾಗ ಅಪ್ಪ ಎಷ್ಟೋ ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯಿಂದ ನೇರ ಎದ್ದು ಬಂದ ಹಾಗಿತ್ತು. ಅದು ಸ್ತ್ರೀವೇಷ. ಮತ್ತೊಂದು ಇತ್ತು, ನೋಡಲು ಬಹಳ ಸಾಧು, ಮೊಲದಂಥ ಪುಟ್ಟ ಬಾಯಿ. ಹಿಡಿಯಹೋದರೆ ಬೆನ್ನಿನ ಮುಳ್ಳು ಕೈಗೆ ಹೊಕ್ಕು ಸಂಜೆಯವರೆಗೆ ಉರಿ. ಅಪ್ಪ ಕೈಯನ್ನು ಬಾಯಲ್ಲಿಟ್ಟುಕೊಂಡು, "ಇದು ನಮ್ಮ ದೊಡ್ಡಕ್ಕನೇ" ಎಂದರು. ಅವರ ದೊಡ್ಡಕ್ಕ ನಮಗೆ ದೊಡ್ಡತ್ತೆ. ಹೆಸರು ಎಷ್ಟು ಸರಿಯಾಗಿತ್ತೆಂದು ದೊಡ್ಡತ್ತೆಯನ್ನು ಬಲ್ಲವರಿಗೇ ಗೊತ್ತು.

ದಿನಾ ಹೊಸದು. ಬೆಳಿಗ್ಗೆ ಎದ್ದರೆ ಅಪ್ಪನೇ ಮೊದಲು ಚಪ್ಪಲಿ ಹಾಕಿಕೊಂಡು ನಿಂತಿರುತ್ತಿದ್ದರು. ಅವರು ನಗುವುದನ್ನು ನೋಡಿ ಅಣ್ಣನೂ ನಾನೂ ಹಿಂದಿನಿಂದ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಆ ದಿನಗಳ ಬಿಸಿಲು, ಬಂಡೆಯ ಮೇಲಿನ ಉಪ್ಪಿನ ಹಾಸು, ಅಪ್ಪನ ನಗು, ಇವೆಲ್ಲ ಈಗಲೂ ನನಗೆ ಒಟ್ಟೊಟ್ಟಿಗೆ ನೆನಪಾಗುತ್ತವೆ. ಅಷ್ಟು ಸಂತೋಷದ ದಿನಗಳು ನಮ್ಮ ಮನೆಯವರಿಗೆ ಹೆಚ್ಚು ಬಂದಿರಲಿಲ್ಲ.

ಆದರೆ ಒಂದು ತುಂಡೂ ಬಾಯಿಗೆ ಹೋಗಲಿಲ್ಲ. ಹಿಡಿದದ್ದನ್ನೆಲ್ಲ ಬಂಡೆಯ ಮೇಲೆ ಪಕ್ಕದಲ್ಲಿ ಕೂತ ಮಲಯಾಳಿಗಳಿಗೋ ಪಠಾಣರಿಗೋ ಕೊಟ್ಟುಬಿಡುವರು. "ಗುರುತಿಲ್ಲದ ಮೀನು ಹೇಗೆ ತಿನ್ನುದು?" ಎಂಬುದು ಅವರ ನೆಪ. ಒಂದು ದಿನ ದೊಡ್ಡ ಬಾಯಿಯ, ಮೈತುಂಬ ಮಚ್ಚೆಯ ಮೀನು ಬಂತು. ಅಲ್ಲಿ ಹಮೂರ್ ಎಂದು ರಾಜಮರ್ಯಾದೆ ಅದಕ್ಕೆ. ಅಪ್ಪ, "ಇದು ನಮ್ಮ ಮುರು ಮೀನಲ್ವಾ" ಎಂದುಬಿಟ್ಟರು. ಸಿಕ್ಕಿಬಿದ್ದರು ಎಂದುಕೊಂಡು ನಾನು ಅದನ್ನು ರೂಮಿಗೆ ತಂದು ಮೆಣಸು ಅರೆದು ಹುರಿದೆ. ಅಪ್ಪ ತಟ್ಟೆಯನ್ನು ಸರಿಸಿದರು.

ನನಗೆ ತಡೆಯಲಾಗಲಿಲ್ಲ. "ಇದಕ್ಕೆ ಗುರುತು ಉಂಟಲ್ಲ ಅಪ್ಪ? ನೀವೇ ಹಿಡಿದದ್ದು. ಅಮ್ಮ ಅಲ್ಲಿ ದೇವರಿಗೆ ಕೈಮುಗಿದು ಕೂತಿದ್ದಾಳೆ. ನಿಮಗೆ ಎಂತ ಬೇಕು ಹೇಳಿ" ಎಂದು ಕೂಗಾಡಿದೆ.

ಅಪ್ಪ ನಿಧಾನವಾಗಿ ಹೇಳಿದರು: "ಇದು ಆಟದ ಮೀನು ಮಗಾ. ನೂಲಿಗೆ ನಾನೊಬ್ಬನೇ. ಬೇರೆ ಯಾರ ಪಾಲೂ ಇಲ್ಲ, ಹಾಗಾದ್ರೆ ನನ್ನ ಪಾಲು ಎಂತದ್ದು?"

"ಊರಲ್ಲಿ? ಅಲ್ಲಿ ಎಂತಕ್ಕೆ ತಿನ್ನುದಿಲ್ಲ?"

"ಅಲ್ಲಿ ನಾನು ಹಗ್ಗಕ್ಕೆ ಕೈ ಇಡ್ಲಿಲ್ಲ. ಕೈ ಇಡದವರಿಗೆ ಇಲ್ಲ ಅಂತ ಎಷ್ಟು ಜನರನ್ನು ಕಳಿಸಿದ್ದೇನೆ ನಾನು. ಈಗ ನಾನೇ ತಿನ್ಲಿಕ್ಕೆ ಆಗ್ತದಾ?"

ಅವರು ಮೀನು ಬಿಟ್ಟದ್ದು ಇದಕ್ಕೆ ಎಂದು ನನಗೆ ತಿಳಿದದ್ದು ಅವತ್ತೇ. ಮುರು ಮೀನನ್ನು ಅಣ್ಣ ಮತ್ತು ನಾನೇ ತಿಂದೆವು.

ಹೊರಡುವ ಮುಂಚಿನ ಶುಕ್ರವಾರ ಅಣ್ಣನಿಗೆ ರಜೆ. ಊರಿನ ಹೊರಗೆ ಉದ್ದನೆಯ ಮರಳ ದಂಡೆಯೊಂದನ್ನು ತೋರಿಸಲು ಕರೆದುಕೊಂಡು ಹೋದ. ವ್ಯಾನಿನಿಂದ ಇಳಿದದ್ದೇ ಅಪ್ಪ ನಿಂತುಬಿಟ್ಟರು. ನೀಳ ಅಂಗಿಗಳನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಅರಬರು ಎರಡು ಸಾಲಾಗಿ ನಿಂತು ಕಡಲೊಳಗಿನಿಂದ ಹಗ್ಗ ಎಳೆಯುತ್ತಿದ್ದರು. ನಮ್ಮ ರಂಪಣಿಯಷ್ಟು ದೊಡ್ಡದಲ್ಲ, ಆದರೆ ಅದೇ ಎರಡು ಹಗ್ಗ, ಅದೇ ಹಿಂದಕ್ಕೆ ವಾಲಿದ ಬೆನ್ನುಗಳು. ಅಪ್ಪ ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ಅವರಿಗೆ ಹೊಳೆಯಲೂ ಇಲ್ಲ. ಪಂಚೆ ಎತ್ತಿ ಕಟ್ಟಿ, ಸಾಲಿನ ನಡುವೆ ಹೋಗಿ ಹಗ್ಗಕ್ಕೆ ಕೈ ಇಟ್ಟರು.

"ಅಪ್ಪ, ಬೇಡ, ಇದು ಕಾಪು ಅಲ್ಲ" ಎಂದು ಅಣ್ಣ ಕೂಗುತ್ತಾ ಓಡಿದ. ಪೊಲೀಸರು, ವೀಸಾ, ಅವನ ಕೆಲಸ, ಎಲ್ಲ ಒಟ್ಟಿಗೆ ಅವನ ಕಣ್ಣ ಮುಂದೆ ಬಂದಿರಬೇಕು. ಅಪ್ಪನ ಮುಂದಿದ್ದವನು ತಿರುಗಿ ನೋಡಿ, ಏನೋ ಹೇಳಿ, ಸ್ವಲ್ಪ ಜಾಗ ಬಿಟ್ಟ. ಅವರು ಅರಬಿಯಲ್ಲಿ ಏನೋ ಹಾಡಿಕೊಂಡು ಎಳೆಯುತ್ತಿದ್ದರು. ಅಪ್ಪ ಅದೇ ಗತ್ತಿಗೆ ಐಲೇಸ ಎನ್ನತೊಡಗಿದರು. ನನ್ನ ಕಾಲುಗಳೂ ನಿಲ್ಲಲಿಲ್ಲ. ಟೀಚರು ಎನ್ನುವುದನ್ನು ಮರೆತು, ಸೀರೆಯ ಸೆರಗು ಸಿಕ್ಕಿಸಿಕೊಂಡು, ಸಾಲಿನ ಕೊನೆಯಲ್ಲಿ ನಾನೂ ಹಗ್ಗ ಹಿಡಿದೆ. ಅಣ್ಣ ಒಬ್ಬನೇ ಕೈಕಟ್ಟಿ ದೂರ ನಿಂತ.

ಬಲೆ ಬಂತು. ಬೂತಾಯಿ, ನಮ್ಮ ಬೂತಾಯಿಯೇ, ಬಿಸಿಲಿಗೆ ಮಿರಿಮಿರಿ. ನಡುನಡುವೆ ಸಣ್ಣಪುಟ್ಟ ಅಪರಿಚಿತರು. ಆ ದಿನ ಅಪ್ಪ ಅವುಗಳಿಗೆ ಹೆಸರಿಡಲಿಲ್ಲ. ನೇರ ಹೋಗಿ ರಾಶಿಯ ಪಕ್ಕದಲ್ಲಿದ್ದ ಬಿಳಿಗಡ್ಡದ ಯಜಮಾನನ ಮುಂದೆ ಅಂಗೈ ಚಾಚಿ ನಿಂತರು. ಜೀವಮಾನವಿಡೀ ಆ ಕಡೆ ನಿಂತು ಕೊಟ್ಟ ಮನುಷ್ಯ ಈ ಕಡೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮುದುಕನಿಗೆ ಏನು ತಿಳಿಯಬೇಕು? ದುಡ್ಡು ಬೇಡುತ್ತಿದ್ದಾನೆ ಎಂದುಕೊಂಡು ಅಂಗಿಯ ಜೇಬಿನಿಂದ ನಾಣ್ಯ ತೆಗೆದು ಅಂಗೈಯಲ್ಲಿ ಇಟ್ಟ. ಅಣ್ಣ ಅವಮಾನದಿಂದ ಮುಖ ಮುಚ್ಚಿಕೊಂಡ. ಅಪ್ಪ ನಾಣ್ಯವನ್ನು ವಾಪಸು ಕೊಟ್ಟು ಮತ್ತೆ ಅಂಗೈ ಚಾಚಿದರು. ಕಡಿಮೆಯಾಯಿತೆಂದು ಮುದುಕ ಹುಬ್ಬು ಗಂಟಿಕ್ಕಿ ನೋಟು ತೆಗೆದ. ಅದೂ ವಾಪಸು. ಸುತ್ತ ನಿಂತವರ ಮುಖ ಬಿಗಿಯಾಯಿತು. ಆಗ ಅಪ್ಪ ನನ್ನನ್ನು ಹತ್ತಿರ ಕರೆದು, ನನ್ನ ಅಂಗೈ ಬಿಡಿಸಿ, ಹೆಬ್ಬೆರಳಿನಿಂದ ಒತ್ತಿ, ಹುರಿಯ ಅಚ್ಚನ್ನು ಮುದುಕನಿಗೆ ತೋರಿಸಿದರು. ಹಗ್ಗ ತೋರಿಸಿದರು, ಮೀನಿನ ರಾಶಿ ತೋರಿಸಿದರು. ಆಮೇಲೆ ಅಣ್ಣನನ್ನು ಎಳೆದು ತಂದು ಅವನ ಬೆಳ್ಳಗಿನ ಅಂಗೈ ಬಿಡಿಸಿ, ಒತ್ತಿ, ತಲೆಯಲ್ಲಾಡಿಸಿ ಅವನನ್ನು ಪಕ್ಕಕ್ಕೆ ದೂಡಿದರು.

ಮುದುಕ ಅಣ್ಣನ ಕೈ ನೋಡಿದ, ಅಪ್ಪನ ಕೈ ನೋಡಿದ. ಹೊಟ್ಟೆ ಹಿಡಿದು ನಕ್ಕ. ತನ್ನ ಅಂಗೈಯನ್ನು ಅಪ್ಪನ ಅಂಗೈಯ ಪಕ್ಕ ಇಟ್ಟು ಎಲ್ಲರಿಗೂ ತೋರಿಸಿದ. ಆಮೇಲೆ ಬೂತಾಯಿಯನ್ನು ಬೊಗಸೆ ತುಂಬ ತುಂಬಿ ಅಪ್ಪನ ಪಂಚೆಗೆ ಹಾಕಿದ, ನನ್ನ ಸೆರಗಿಗೂ ಹಾಕಿದ. ಅಪ್ಪನ ಕಣ್ಣಿನಲ್ಲಿ ನೀರಿತ್ತು. ನನಗೂ ಬಂತು.

ಆ ಮಧ್ಯಾಹ್ನ ಹುಳಿ ಮೆಣಸು ಹಾಕಿ ಪುಳಿಮುಂಚಿ ಮಾಡಿದೆ. ಅಪ್ಪ ಬೂತಾಯಿಯ ತಲೆಯನ್ನೂ ಬಿಡದೆ ತಿಂದರು. ಅಣ್ಣನ ಬಟ್ಟಲಿಗೆ ಬಡಿಸಹೋದರೆ ಕೈ ಅಡ್ಡ ಹಿಡಿದು, "ಅವನಿಗೆ ಇಲ್ಲ. ಒಂದು ಮೊಟ್ಟೆ ಹುರಿದು ಕೊಡು" ಎಂದರು. ಅಣ್ಣ ಮೊದಲು ಮುಖ ಊದಿಸಿಕೊಂಡ, ಆಮೇಲೆ ನಕ್ಕು ಮೊಟ್ಟೆ ತಿಂದ. ಇವತ್ತಿಗೂ ಅವನು ಅದನ್ನು ಮರೆತಿಲ್ಲ.

ಕಾಪುವಿಗೆ ವಾಪಸಾದಾಗ ಅಮ್ಮ ಅಂಗಳದಲ್ಲೇ ನಿಂತು ಕೇಳಿದಳು, "ತಿಂದರಾ?" ತಿಂದರು ಎಂದೆ. ಬಿಳಿಗಡ್ಡದ ಮುದುಕ, ನಾಣ್ಯ, ಮೊಟ್ಟೆ, ಎಲ್ಲ ಹೇಳಿದೆ. ಅವಳು ನಗುತ್ತಾ ಒಳಗೆ ಹೋಗಿ, ಅವತ್ತು ಮಾರದೆ ಉಳಿಸಿದ್ದ ಬಂಗುಡೆಯ ಸಾರು ಮಾಡಿದಳು. ಅಪ್ಪ ಕೂತರು. ಬಟ್ಟಲು ನೋಡಿದರು. ಬೆರಳಿನಿಂದ ಮೆಲ್ಲನೆ ಸರಿಸಿದರು.

ಅಷ್ಟು ದೂರ ಹೋಗಿ ಬಂದದ್ದೆಲ್ಲ ನೀರಿಗೆ ಬಿತ್ತು ಎಂದುಕೊಂಡೆ. "ಇಲ್ಲಿ ಹಗ್ಗ ಇಲ್ಲ, ಅಲ್ವಾ ಅಪ್ಪ?" ಎಂದೆ.

ಅಮ್ಮ ಈಗ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೌಟು ಕೆಳಗಿಟ್ಟು, ಅವರ ಮುಂದೆ ನೆಲದಲ್ಲಿ ಕೂತಳು. ತುರುಬಿನ ಪಿನ್ನು ತೆಗೆದು ಕೂದಲು ಬಿಚ್ಚಿದಳು. ಎರಡು ಕೈಯಿಂದ ಕೂದಲನ್ನು ಪಕ್ಕಕ್ಕೆ ಸರಿಸಿ, ತಲೆ ಬಗ್ಗಿಸಿ, ನನಗೂ ತೋರಿಸದ ಆ ಬೋಳು ಜಾಗವನ್ನು ಅವರ ಮುಂದೆ ಒಡ್ಡಿದಳು.

"ಒತ್ತಿ ನೋಡಿ. ಅಚ್ಚು ಉಂಟಾ ಇಲ್ವಾ ಹೇಳಿ" ಎಂದಳು. "ಇದು ನನ್ನ ಪಾಲಿನ ಮೀನು. ಹೊತ್ತದ್ದಕ್ಕೆ ಬಂದದ್ದು. ನಾನು ಕೊಡ್ತಿದ್ದೇನೆ. ಗುರುತಿಲ್ಲದವರ ಮುಂದೆ ಕೈ ಚಾಚಿದ್ರಿ, ನನ್ನ ಮುಂದೆ ಚಾಚ್ಲಿಕ್ಕೆ ಆಗುದಿಲ್ವಾ?"

ಅಪ್ಪ ಕೈ ಎತ್ತಿ ಅವಳ ನೆತ್ತಿಯ ಮೇಲೆ ಹೆಬ್ಬೆರಳು ಇಟ್ಟು, ದಂಡೆಯಲ್ಲಿ ಒತ್ತುತ್ತಿದ್ದ ಹಾಗೆಯೇ ಒತ್ತಿದರು. ಬೆರಳು ಬೇಗ ಎತ್ತಲಿಲ್ಲ.

"ಉಂಟು" ಎಂದರು. ಅಂಗೈ ಚಾಚಿದರು. ಅಮ್ಮ ಸಾರಿನಿಂದ ಒಂದು ಬಂಗುಡೆ ತೆಗೆದು ಅವರ ಅಂಗೈಯ ಮೇಲೆಯೇ ಇಟ್ಟಳು.